ಒರೆಸಿದ ನೆತ್ತಿ, ಮಾಸ್ತಮ್ಮನ ಕೈ

ಹೊಸಳಿವೆ ಊರಿನ ಬೆನ್ನಿಗಿರುವ ಕರಿಸಾಲು ದೊಡ್ಡ ಬೆಟ್ಟಸಾಲೇನಲ್ಲ. ನೆತ್ತಿಗಳು ಮೂರು. ಮೂರನ್ನೂ ಹತ್ತಿ ಇಳಿಯಲು ಒಂದು ಹಗಲು ಸಾಕು. ಬೆಳಗಿನ ಆರಕ್ಕೆ ಹೊರಟವರಿಗೆ ಮಾತ್ರ. ಎಂಟಕ್ಕೆ ಹೊರಡುವವರು ಮೊದಲನೆಯದನ್ನು ನೋಡಿ ಹಿಂದಿರುಗುವುದು ಒಳ್ಳೆಯದು. ದಾರಿ ಉತ್ತರದಿಂದ ಏರುತ್ತದೆ. ಮೊದಲು ಕಾವಲುನೆತ್ತಿ. ಅಲ್ಲಿಂದ ಬಿಸಿಲೇ ಇಳಿಯದ ಕಾಡಿನಲ್ಲಿ ಒಂದು ಗಂಟೆ ನಡೆದರೆ ನಡುವಿನ ನೆತ್ತಿ, ಸಾಲಿನಲ್ಲೇ ಎತ್ತರದ್ದು. ಕೊನೆಗೆ, ದಕ್ಷಿಣದ ತುದಿಯಲ್ಲಿ, ಎಲ್ಲಕ್ಕಿಂತ ಗಿಡ್ಡದು. ಎತ್ತರದ್ದಕ್ಕೆ ಹೆಮ್ಮೆಯ ಹೆಸರು ಸಿಕ್ಕಿಲ್ಲ. ಅದನ್ನು ‘ಒರೆಸಿದ ನೆತ್ತಿ’ ಎನ್ನುತ್ತಾರೆ. ಗಿಡ್ಡದ್ದು ‘ಮಾಸ್ತಮ್ಮನ ಕೈ’. ಎರಡೂ ಹೆಸರು ಒಂದೇ ದಿನ ಹುಟ್ಟಿದವು.

ಹಿಂದೆ ಒಮ್ಮೆ, ಕಡಲ ದಾರಿಗೆ ದೀಪಸ್ತಂಭಗಳಿಲ್ಲದ ಕಾಲದಲ್ಲಿ, ಗಿಡ್ಡ ನೆತ್ತಿಯ ಮೇಲೆ ಒಂಟಿ ಧೂಪದ ಮರವಿತ್ತು. ಕಡಲಿನಿಂದ ನೋಡಿದರೆ ಮೂರು ನೆತ್ತಿಗಳೂ ಒಂದೇ ಎತ್ತರ, ಒಂದೇ ರೂಪ. ಎತ್ತರದ್ದು ಹಿಂದೆ ಸರಿದು ನಿಂತಿರುವುದೇ ಅದಕ್ಕೆ ಕಾರಣ. ಯಾವುದು ಯಾವುದೆಂದು ತಿಳಿಸುತ್ತಿದ್ದುದು ಆ ಮರವೊಂದೇ. ದೋಣಿಯ ಮೂತಿಯನ್ನು ಮರದ ನೇರಕ್ಕೆ ಹಿಡಿದರೆ ಹೊಳೆ ಕಡಲು ಸೇರುವ ಅಳಿವೆಗೆ ಸುಖವಾಗಿ ಬರಬಹುದಿತ್ತು. ಮೂತಿ ನಡುವಿನ ನೆತ್ತಿಗೆ ಹೊರಳಿತೋ, ನೀರಿನಡಿಯ ಮೊಸಳೆಕಲ್ಲು ತಳವನ್ನು ಸೀಳುತ್ತಿತ್ತು. ಒಂದು ವರ್ಷ ಊರಿನ ಎಂಟು ದೋಣಿಗಳು ಉಪ್ಪುಮೀನು ಹೇರಿಕೊಂಡು ತೆಂಕಣ ಬಂದರಿಗೆ ಹೋಗಿದ್ದಾಗ ಸಿಡಿಲು ಬಡಿದು ಮರ ಉರುಳಿತು. ದೋಣಿಗಳು ಮರಳಲು ಉಳಿದಿದ್ದುದು ನಾಲ್ಕೇ ದಿನ. ಅವುಗಳಲ್ಲಿ ಊರಿನ ದುಡಿಯುವ ಗಂಡಸರೆಲ್ಲ ಇದ್ದರು.

ಚಿಪ್ಪು ಸುಟ್ಟು ಸುಣ್ಣ ಮಾಡುವ ಮಾಸ್ತಮ್ಮ ಎದ್ದು ನಿಂತಳು. ಅವಳ ಗಂಡನೂ ತಮ್ಮ ಜಟ್ಟಪ್ಪನೂ ಆ ದೋಣಿಗಳಲ್ಲಿದ್ದರು. ಮರವಿಲ್ಲದಿದ್ದರೆ ಬಂಡೆಗೆ ಸುಣ್ಣ ಬಳಿಯೋಣ ಎಂದಳು. ಮಾತು ಸರಿಯಾಗಿತ್ತು. ಆದರೆ ಅವಳು ಆರಿಸಿದ್ದು ನಡುವಿನ ನೆತ್ತಿಯನ್ನು. ಎತ್ತರದಲ್ಲಿ ಬಳಿದರೆ ಇನ್ನೂ ದೂರಕ್ಕೆ ಕಂಡೀತು ಎಂಬುದು ಅವಳ ಎಣಿಕೆ. ಅದು ನೆಲದ ಮೇಲೆ ನಿಂತವರ ಎಣಿಕೆ. ಊರಿನಲ್ಲಿ ಉಳಿದಿದ್ದ ಒಬ್ಬನೇ ತಾಂಡೇಲ, ಎಂದರೆ ದೋಣಿ ನಡೆಸುವ ಹಿರಿಯ, ಈರಯ್ಯ. ಜ್ವರದಲ್ಲಿ ಮಲಗಿದ್ದ ಅವನು, ಕಡಲಿಂದ ನೋಡದೆ ಬಳಿಯಬೇಡಿ ಎಂದು ಹೇಳಿ ಕಳಿಸಿದ. “ಅಜ್ಜನ ಜ್ವರ ಮಾತಾಡ್ತದೆ” ಎಂದು ಮಾಸ್ತಮ್ಮ ನಕ್ಕಳು. ಹೆಂಗಸರು ಮೂರು ದಿನ ಸುಣ್ಣ ಹೊತ್ತರು. ಬಂಡೆ ಹಾಲಿನಂತಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಈರಯ್ಯ ನಡುಗುತ್ತಲೇ ಸಣ್ಣ ದೋಣಿಯೊಂದನ್ನು ತಾನೇ ಹುಟ್ಟು ಹಾಕಿಕೊಂಡು ಹೋಗಿ ನೋಡಿ ಬಂದ. ದಡದಲ್ಲೇ ಕುಸಿದು ಕುಳಿತು ಅವಳನ್ನು ಕರೆಸಿದ.

“ಚೆಂದ ಬಳಿದೀಯೆ ಮಾರಾಯ್ತಿ. ದೋಣಿ ಒಡೆಯೂಕೆ ಇದಕ್ಕಿಂತ ಸಲೀಸು ದಾರಿ ಇಲ್ಲ.”

ಅವಳು ವಾದಿಸಲಿಲ್ಲ. ಅಳಲಿಲ್ಲ. “ಯಾವ ನೆತ್ತಿ ಅಜ್ಜ?” ಎಂದಷ್ಟೇ ಕೇಳಿದಳು. ಅವನು ಗಿಡ್ಡದ್ದರ ಕಡೆ ಬೆರಳು ತೋರಿಸಿದ. “ತಪ್ಪು ನನ್ನದು. ಎರಡು ಪಾಲಾಗಿ” ಎಂದು ಹೆಂಗಸರಿಗೆ ಹೇಳಿದಳು. ಒಂದು ಪಾಲಿನವರು ಬುಟ್ಟಿಯಲ್ಲಿ ಒದ್ದೆ ಕೆಮ್ಮಣ್ಣು ಹೊತ್ತು ನಡುವಿನ ನೆತ್ತಿಗೆ ಹೋದರು. ಬಿಳುಪು ಮುಚ್ಚುವವರೆಗೆ ಒರೆಸಿದರು. ಉಳಿದವರು ಸುಣ್ಣದ ಗೂಡಿನಲ್ಲಿದ್ದ ಕೊನೆಯ ಸುಟ್ಟ ಚಿಪ್ಪನ್ನೂ ನೀರಿನ ಕೊಡಗಳನ್ನೂ ಹೊತ್ತು ಅವಳ ಹಿಂದೆ ನಡೆದರು. ಅತ್ತ ದಾರಿಯಿರಲಿಲ್ಲ. ಬೆತ್ತದ ಮುಳ್ಳು ಕಡಿದು ಏರಿದರು. ನಾವು ಇಂದು ನಡೆಯುವುದು ಆ ಹೆಂಗಸರು ಬಿಡಿಸಿದ ಜಾಡಿನಲ್ಲೇ ಎನ್ನುತ್ತಾರೆ. ಮೇಲೆ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಚಿಪ್ಪಿಗೆ ನೀರೆರೆದರೆ ಸುಣ್ಣ ಕುದಿಯುತ್ತದೆ, ಆರಲು ಬಿಡಬೇಕು. ಬಿಡಲು ಸಮಯವಿರಲಿಲ್ಲ. ಮೂರು ದಿನದ ಕೆಲಸದಲ್ಲಿ ತೆಂಗಿನ ನಾರಿನ ಕುಂಚಗಳೂ ಸವೆದುಹೋಗಿದ್ದವು. ಹುಟ್ಟಿದಾರಭ್ಯ ಸುಣ್ಣದೊಡನೆ ಬದುಕಿದ ಮಾಸ್ತಮ್ಮನಿಗೆ ಅದು ಕೈಯನ್ನು ಏನು ಮಾಡುತ್ತದೆಂದು ಗೊತ್ತಿತ್ತು. ಬೇರೆಯವರನ್ನು ಮುಟ್ಟಗೊಡಲಿಲ್ಲ. ಎರಡೂ ಅಂಗೈಗಳಿಂದ ತಾನೊಬ್ಬಳೇ ಬಳಿದಳು. ಸೂರ್ಯ ಮುಳುಗುವುದಕ್ಕೂ ಬಂಡೆ ಬೆಳ್ಳಗಾಗುವುದಕ್ಕೂ ಸರಿಹೋಯಿತು.

ಮರುದಿನ ಮುಂಜಾನೆ ಮಂಜಿನ ಮೇಲೆ ಒಂದೇ ಒಂದು ಬಿಳುಪು ತೇಲುತ್ತಿತ್ತು. ಎಂಟು ದೋಣಿಗಳು ಅದರ ನೇರಕ್ಕೆ ಬಂದವು. ಎಂಟೂ ದಡ ಮುಟ್ಟಿದವು. “ಅಕ್ಕಾ, ನಾವು ಊರು ಬಿಟ್ಟದ್ದೇ ತಡ, ಗುಡ್ಡಕ್ಕೆ ವಿಭೂತಿ ಬಳಿದ್ಯಾ?” ಎನ್ನುತ್ತ ಜಟ್ಟಪ್ಪ ಹಾರಿ ಇಳಿದ. ಅವಳ ಕೈಗಳಿಗೆ ಬಾಳೆಯೆಲೆ ಸುತ್ತಿತ್ತು. “ಎರಡು ಬಳಿದೆ. ಒಂದು ಒರೆಸಿದೆ” ಎಂದಳು ಮಾಸ್ತಮ್ಮ. “ಒರೆಸಿದ್ದನ್ನು ಯಾರೂ ಮರೀಬೇಡಿ. ಮಳೆ ಬಿದ್ದರೆ ಆ ಬಿಳುಪು ಮತ್ತೆ ಏಳ್ತದೆ.” ಅವಳ ಬೆರಳುಗಳು ಮುಂದೆಂದೂ ಪೂರ್ತಿ ಬಿಚ್ಚಲಿಲ್ಲವಂತೆ.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಇಂದಿಗೂ ಮಳೆಗಾಲ ಕಳೆದ ಮೇಲೆ ನಡುವಿನ ಬಂಡೆಯ ಬಿರುಕುಗಳಲ್ಲಿ ಬಿಳುಪು ಇಣುಕುತ್ತದೆ. ಆದ್ದರಿಂದ ಕರಿಸಾಲು ಏರುವವರಿಗೆ ಒಂದು ಕಟ್ಟಳೆಯಿದೆ: ಬುಡದಲ್ಲಿ ಒಂದು ಹಿಡಿ ಕೆಮ್ಮಣ್ಣು, ಒಂದು ಚಿಟಿಕೆ ಸುಣ್ಣ ತೆಗೆದುಕೊಳ್ಳಬೇಕು. ಎತ್ತರದ ನೆತ್ತಿಯಲ್ಲಿ ಆ ಮಣ್ಣಿನಿಂದ ಬಿಳುಪನ್ನು ಒರೆಸಿಯೇ ಮುಂದೆ ನಡೆಯಬೇಕು. ಸುಣ್ಣ ಗಿಡ್ಡದ್ದಕ್ಕೆ. ಅಲ್ಲಿನ ಬಂಡೆಯ ಬುಡದಲ್ಲಿ ಎರಡು ಅಂಗೈಯಷ್ಟು ಜಾಗದಲ್ಲಿ ಸುಣ್ಣ ಹೊಸ ಪದರದಡಿಯಿಂದಲೂ ಉಬ್ಬಿ ನಿಂತಿದೆ. ಆ ಜಾಗಕ್ಕೆ ಯಾರೂ ಕುಂಚ ತಾಗಿಸುವುದಿಲ್ಲ; ಕೈಯಿಂದಲೇ ಬಳಿಯುತ್ತಾರೆ. ಬಳಿದವರು ತಿರುಗಿ ನಿಂತರೆ ಕೆಳಗೆ ಅಳಿವೆ, ನೇರ ಎದುರಿಗೆ, ಬಾಗಿಲು ತೆರೆದಿಟ್ಟಂತೆ ಕಾಣುತ್ತದೆ. ಮೊಸಳೆಕಲ್ಲು ಅದರ ಬಲಕ್ಕೆ, ನೊರೆಯ ಸಣ್ಣ ಗೆರೆಯಾಗಿ.