ಹಲ್ಲುದುರಿದ ಬಾಚಣಿಗೆ

ಮೇದಿನಿ ಒಂದು ವರ್ಷದಿಂದ ತನ್ನ ಗುಂಗುರು ಕೂದಲನ್ನು ಉದ್ದ ಬಿಡುತ್ತಿದ್ದಳು. ಅದು ಭುಜ ಮುಟ್ಟುವ ಹೊತ್ತಿಗೆ ಕತ್ತಿನ ಹಿಂದೆ ದೊಡ್ಡ ಸಿಕ್ಕಾಯಿತು. ಹೊಸ ಬಾಚಣಿಗೆ ನೆತ್ತಿಯಿಂದಲೇ ಎಳೆಯಿತು. ಸಿಕ್ಕು ಇನ್ನೂ ಬಿಗಿಯಾಯಿತು. ಅವಳ ಕಣ್ಣಲ್ಲಿ ನೀರು ಬಂತು.

“ಹಟಮಾರಿ ಕೂದಲು. ಕತ್ತರಿಸಿಬಿಡು,” ಎಂದಿತು ಹೊಸ ಬಾಚಣಿಗೆ. ಕತ್ತರಿ ಬಾಯಿ ತೆರೆಯಿತು.

“ಸ್ವಲ್ಪ ತಾಳಮ್ಮ,” ಎಂದಿತು ಅರ್ಧ ಹಲ್ಲು ಉದುರಿದ್ದ ಹಳೆಯ ಬಾಚಣಿಗೆ. ಮೇದಿನಿ ಅದನ್ನು ಕೈಗೆತ್ತಿಕೊಂಡಳು. ಅದು ಕೂದಲ ತುದಿಯಿಂದ ಶುರುಮಾಡಿ, ಬೆರಳಷ್ಟು ಬೆರಳಷ್ಟೇ ಮೇಲೇರಿತು. ಸಿಕ್ಕು ಬಿಟ್ಟಿತು.

“ಎಲ್ಲ ಹಲ್ಲೂ ಇರುವ ನನ್ನ ಕೈಲಾಗದ್ದು ನಿನ್ನ ಕೈಲಿ ಹೇಗಾಯಿತು?” ಹೊಸದು ಕೇಳಿತು.

“ನಾನೂ ನಿನ್ನ ಹಾಗೇ ಎಳೆಯುತ್ತಿದ್ದೆ,” ಎಂದಿತು ಹಳೆಯದು. “ಹಲ್ಲು ಮುರಿದಾಗಲೆಲ್ಲ ಕೂದಲನ್ನೇ ಬೈಯುತ್ತಿದ್ದೆ. ಈಗ ಆ ಖಾಲಿ ಜಾಗದಲ್ಲೇ ಸುರುಳಿಗಳು ನೋಯದೆ ಹಾದುಹೋಗುತ್ತವೆ.”