ಎರಡನೆಯ ಕೀಲಿ

ತುಂಗಭದ್ರೆಯ ದಂಡೆಯಲ್ಲಿ ಖಾದರ್ ಉಸ್ತಾದರ ಶೆಡ್ಡು. ಕಾರಿನ ಕೀಲಿ ಕೆಲಸಕ್ಕೆ ಆ ಸೀಮೆಯಲ್ಲಿ ಅವರನ್ನು ಬಿಟ್ಟರಿಲ್ಲ. ಶಿಷ್ಯ ಈರಣ್ಣ ಆರು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದ. ಅವನಿಗೆ ದೇವರಿಗಿಂತ ಲ್ಯಾಪ್‌ಟಾಪಿನ ಮೇಲೆ ಒಂದು ಗುಲಗಂಜಿ ಹೆಚ್ಚೇ ನಂಬಿಕೆ.

ಒಂದು ಬೆಳಿಗ್ಗೆ ನರ್ಸ್ ಸರ್ವಮಂಗಳಾ ತನ್ನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬಂದಳು. ಕೀಲಿ ತಿರುಗಿಸಿದರೆ ಎಂಜಿನ್ ಎರಡು ಕ್ಷಣ ಗುರ್ ಎಂದು ನಿಂತುಬಿಡುತ್ತಿತ್ತು. ಸ್ಟೇರಿಂಗ್ ಮುಂದಿನ ಫಲಕದಲ್ಲಿ ಕೀಲಿಚಿತ್ರದ ಕೆಂಪು ದೀಪ ಮಿಟುಕುತ್ತಿತ್ತು.

ಈರಣ್ಣ ಲ್ಯಾಪ್‌ಟಾಪ್ ಜೋಡಿಸಿದ.

“ಕಾರಿಗೆ ನಿಮ್ಮ ಕೀಲಿ ಗುರುತು ಸಿಗವಲ್ದು ಅಕ್ಕಾರ. ಇದರ ನೆನಪಿನಾಗ ಎರಡು ಕೀಲಿ ಅದಾವ. ಇನ್ನೊಂದು ಎಲ್ಲೈತಿ?”

“ನಮ್ಮ ಮನಿಯವರ ಕಿಸೇದಾಗ.”

“ಅವರನ್ನ ಕರೀರಿ.”

“ಹೋಗಿ ನಾಲ್ಕು ವರ್ಷ ಆತು. ಎಲ್ಲಿ ಅದಾರೋ ಗೊತ್ತಿಲ್ಲ.”

ಊರವರು ಆಡಿಕೊಳ್ಳುತ್ತಿದ್ದ ಮಾತು ಆಗ ನೆನಪಾಗಿ ಈರಣ್ಣ ನಾಲಿಗೆ ಕಚ್ಚಿಕೊಂಡ. “ಹಂಗಾದ್ರ ಹಳೇದೆಲ್ಲ ಅಳಿಸಿ ನಿಮ್ಮದೊಂದನ್ನ ಕಾರಿಗೆ ಹೊಸದಾಗಿ ಕಲಿಸ್ತೀನಿ. ಹತ್ತು ನಿಮಿಷದ ಕೆಲಸ.”

“ಅವರ ಕೀಲಿ?”

“ಅದನ್ನ ಕಾರು ಮರೀತೈತಿ. ಒಳ್ಳೇದ ಆತಲ್ಲ? ಯಾರ ಕೈಗರ ಸಿಕ್ರ ಕಾರು ಒಯ್ತಾರ.”

“ಒಯ್ಯಲಿ.” ಅವಳು ಲ್ಯಾಪ್‌ಟಾಪಿನ ಮೇಲೆ ಕೈ ಅಡ್ಡ ಇಟ್ಟಳು. “ಅವರು ಬಂದ ದಿನ ಬಾಗಿಲು ಬಡಿಯಂಗಿಲ್ಲ. ಸಿಟ್ಟಾಗಿ ಹೋದವರು, ನಾಚಿಕಿ ಇರತೈತಿ. ಮೊದಲು ಕಾರು ಚಾಲೂ ಮಾಡಿ ನನಗ ಕೇಳಿಸ್ತಾರ. ಅವತ್ತು ಈ ಕಾರು ಅವರಿಗೆ ನೀ ಯಾರು ಅನ್ನಬಾರದು.”

ಈರಣ್ಣ ರೇಗಿಕೊಂಡು ಉಸ್ತಾದರ ಬಳಿ ಹೋದ.

“ಕಳೆದ ಕೀಲಿ ಮೊದಲು ಅಳಿಸು ಅಂತ ನೀವ ಕಲಿಸೀರಿ. ಆಕಿ ಬಿಡವಲ್ಲಳು.”

ಉಸ್ತಾದರು ಚಹಾದ ಲೋಟ ಕೆಳಗಿಟ್ಟು ಎದ್ದು ಬಂದರು. ಲ್ಯಾಪ್‌ಟಾಪಿನ ಕಡೆ ನೋಡಲೇ ಇಲ್ಲ. ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿದರು.

ಕೀಲಿ ಹಾಕುವ ತೂತಿನ ಸುತ್ತ ಬಳೆಯಂಥ ಒಂದು ತಂತಿಸುರುಳಿ ಇತ್ತು. ಕೀಲಿಯ ಗುರುತನ್ನು ಕಾರಿಗೆ ಮುಟ್ಟಿಸುವುದು ಅದೇ. ಅದರ ಒಂದು ಎಳೆ ಹಸಿರುಗಟ್ಟಿ ಬಿಟ್ಟುಕೊಂಡಿತ್ತು.

ಬೆಸುಗೆ ಹಾಕಿ ಕೀಲಿ ತಿರುಗಿಸಿದರು. ಎಂಜಿನ್ ಓಡತೊಡಗಿತು, ನಿಲ್ಲಲಿಲ್ಲ.

“ಅವರದು?” ಸರ್ವಮಂಗಳಾ ಕೇಳಿದಳು.

“ಹಂಗ ಐತಿ ತಾಯಿ. ಏನೂ ಅಳಿಸಿಲ್ಲ.”

ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕಾರು ನಡೆಸಿಕೊಂಡು ಹೋದಳು.

ಈರಣ್ಣನಿಗೆ ತಡೆಯಲಾಗಲಿಲ್ಲ.

“ಉಸ್ತಾದ್, ಆತ ಬರಂಗಿಲ್ಲ ಅಂತ ಊರಿಗೆಲ್ಲ ಗೊತ್ತೈತಿ. ಆಕಿಗೆ ಯಾರರ ಹೇಳಬೇಕಲ್ಲ?”

ಉಸ್ತಾದರು ಬೆಸುಗೆಕಡ್ಡಿ ಒರೆಸಿಟ್ಟರು.

“ಕೆಟ್ಟಿದ್ದನ್ನ ರಿಪೇರಿ ಮಾಡೋರು ನಾವು, ಈರಣ್ಣ. ಆಕಿ ಕಾಯೋದು ಕೆಟ್ಟಿಲ್ಲ.”