ಹೊನ್ನಿಯ ಕಾಗದ ಓದಿದ ಮುದ್ದ

ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ. ಚಿಕ್ಕತಾಯಮ್ಮ ಅನ್ನೋ ಹೆಂಗಸಿಗೆ ಮುದ್ದ ಅಂತ ಒಬ್ಬ ಮಗ, ಐದನೇ ಕ್ಲಾಸು. ಏನು ಕೊಟ್ಟರೂ ಪಟಪಟ ಓದಿಬಿಡೋನು. ಓದಿದ್ದೇನು ಅಂದರೆ ಬಾಯಿ ಬಿಡೋನು.

ಮಗಳು ಹೊನ್ನಿಯನ್ನು ದೂರದೂರಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೂ ಅತ್ತೆಮನೆಯವರು ಅವಳನ್ನು ತವರಿಗೆ ಕಳಿಸಿರಲಿಲ್ಲ. ಒಂದು ದಿನ ಅವಳ ಕಾಗದ ಬಂತು. ತಾಯಿಗೆ ಅಕ್ಷರ ಬರದು. ಮಗಳ ಸಂಕಟ ಹೊರಗಿನವರ ಬಾಯಲ್ಲಿ ಕೇಳೋಕೆ ನಾಚಿಕೆ. ಮುದ್ದನೇ ಒಂದೇ ಉಸಿರಿಗೆ ಓದಿ ಮುಗಿಸಿದ, ಅವಳ ಕಿವಿಗೆ ಒಂದು ಮಾತೂ ಸಿಗಲಿಲ್ಲ.

"ಏನಂತೋ ನಿಮ್ಮಕ್ಕ?"

"ಓದಿದ್ನಲ್ಲವ್ವ!"

ಅಯ್ಯೋ ನನ್ನ ಕರ್ಮವೇ ಅಂತ ಅವನನ್ನು ಮೇಷ್ಟ್ರ ಹತ್ತಿರ ಎಳಕೊಂಡು ಹೋದಳು. ಮೇಷ್ಟ್ರು, "ಓಡಬೇಡವೋ. ಚುಕ್ಕಿ ಬಂದ ಕಡೆ ನಿಲ್ಲು" ಅಂದರು.

ಮನೆಗೆ ಬಂದು ಮುದ್ದ ಓದೋಕೆ ಕೂತ. ಚುಕ್ಕಿ ಬಂತು, ಎದ್ದು ನಿಂತ. ಕೂತ, ಓದಿದ. ಚುಕ್ಕಿ ಬಂತು, ಎದ್ದು ನಿಂತ. ಏನೋ ಓದಿದೆ ಅಂದರೆ, "ಮಂಡಿ ನೋಯ್ತದವ್ವ!"

"ದಡ್ಡ! ಕಾಲಲ್ಲಿ ನಿಲ್ಲೋದಲ್ಲ!" ಮತ್ತೆ ಕರಕೊಂಡು ಹೋದರೆ ಮೇಷ್ಟ್ರು ಬೈದರು. "ಓದಿದ್ದು ಕಣ್ಣಿಗೆ ಕಟ್ಟಬೇಕು ಕಣೋ."

ಮಾರನೇ ದಿನ ಕಾಗದವನ್ನು ಕಣ್ಣಿಗೇ ಕಟ್ಟಿಕೊಂಡು ಬಂದು ನೀರಿನ ಗಡಿಗೆ ಒಡೆದ. "ಕಟ್ಟಿದೀನವ್ವ, ಏನೂ ಕಾಣಲ್ಲ!"

"ಹಾಳಾದವನೇ!" ಅಂದರು ಮೇಷ್ಟ್ರು. "ಓದಿದ್ದರ ಸಾರ ಹಿಂಡಿ ತೆಗಿಯೋ!"

ಮುದ್ದ ಕಾಗದವನ್ನು ಚೊಂಬಿನಲ್ಲಿ ನೆನೆಹಾಕಿ ಚೆನ್ನಾಗಿ ಹಿಂಡಿದ. "ತಗೋವ್ವ, ಅಕ್ಕನ ಸಾರ!"

ಚಿಕ್ಕತಾಯಮ್ಮ ಬೈಯಲಿಲ್ಲ. ಆ ನೀಲಿ ನೀರನ್ನೇ ನೋಡ್ತಾ ಕೂತಳು. ಮಗಳು ನಕ್ಕು ಬರೆದಿದ್ದಳೋ, ಅತ್ತು ಬರೆದಿದ್ದಳೋ. ಇವನಿಗೆ ಎಲ್ಲರೂ ಹೇಳಿದ್ದೇ ಹೇಳಿದ್ದು, ಯಾರೂ ಪಕ್ಕದಲ್ಲಿ ಕೂತು ಕೇಳಲಿಲ್ಲವಲ್ಲ ಅನ್ನಿಸಿತು.

ತಿಂಗಳಿಗೆ ಇನ್ನೊಂದು ಕಾಗದ ಬಂತು. ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಒಂದೇ ಒಂದು ಸಾಲು ಓದಪ್ಪ" ಅಂದಳು.

"ಗುರುವಾರ ಬೆಳಗಿನ ಬಸ್ಸಿಗೆ ಬರ್ತೀನವ್ವ."

"ಯಾರು ಬರೋದು?"

ಮುದ್ದ ತಲೆ ಕೆರಕೊಂಡ. ಅವಳು ಕಾದಳು. ಒಂದು ಗಳಿಗೆ ಆದಮೇಲೆ, "ಅಕ್ಕ!" ಅಂದ.

"ಯಾವತ್ತು?"

"ಗುರುವಾರ! ಅವ್ವ, ಅಕ್ಕ ಬರ್ತಾಳೆ!"

"ಮುಂದಿನ ಸಾಲು?"

"ಕೂಸನ್ನ ಎತ್ಕೊಳ್ಳೋಕೆ ಮುದ್ದನ್ನ ಬಸ್ ಸ್ಟಾಪಿಗೆ ಕಳಿಸು."

"ಯಾರು ಹೋಗಬೇಕು? ಯಾಕೆ?"

"ನಾನು! ಕೂಸು ಎತ್ಕೊಳ್ಳೋಕೆ!"

ತಾಯಿ ಅವನ ತಲೆಯನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು.

ಗುರುವಾರ ಮುದ್ದ ಓಡಿದ. ಓಡುತ್ತಲೇ ಬಂದ, ಹೆಗಲ ಮೇಲೆ ಕೂಸು. ಅಜ್ಜಿ ಅದನ್ನು ಈಸಿಕೊಂಡು ಮುಖ ನೋಡಿದಳು. ಮತ್ತೆ ಮತ್ತೆ ನೋಡಿದಳು. ಆಮೇಲೆ ಬೀದಿ ನೋಡಿದಳು. ಯಾರೂ ಇಲ್ಲ.

"ಅಕ್ಕ ಎಲ್ಲೋ?"

"ಟ್ರಂಕಿನ ಮೇಲೆ ಕೂರಿಸಿ ಬಂದೆ. ನಾನೂ ಬರ್ತೀನಿ, ಇರೋ ಅಂತ ಕೂಗಿದಳು. ಕಾಗದದಲ್ಲಿ ಕೂಸು ಅಂತ ಮಾತ್ರ ಇದೆ, ನೀನೂ ಬರೋದಾದ್ರೆ ಇನ್ನೊಂದು ಕಾಗದ ಬರಿ ಅಂದೆ."

"ಅಯ್ಯೋ ಪಾಪಿ!"

"ಬೈಬೇಡವ್ವ, ಪೆನ್ಸಿಲು ಕೊಟ್ಟೇ ಬಂದಿದೀನಿ!"